ಹಿತ್ತಾಳೆ ಕೊಡದ ನೆರಳು

೧೯೫೯ರಲ್ಲಿ ನಾನು ಶಿರಸಿಯ ಒಂದು ಫೋಟೋ ಸ್ಟುಡಿಯೋದಲ್ಲಿ ರೀಟಚಿಂಗ್ ಕೆಲಸದವನಾಗಿದ್ದೆ. ರೀಟಚಿಂಗ್ ಎಂದರೆ ತೆಗೆದ ಫೋಟೋವನ್ನು ತಿದ್ದುವುದು. ಮುಖದಲ್ಲಿ ಸಿಡುಬಿನ ಕಲೆ ಇದ್ದರೆ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಮರೆಸಬೇಕು. ಕಣ್ಣು ಮುಚ್ಚಿದ್ದರೆ ತೆರೆಸಬೇಕು. ಎಲ್ಲಕ್ಕಿಂತ ಕಷ್ಟದ್ದು ಹಿನ್ನೆಲೆ ಬದಲಿಸುವ ಕೆಲಸ. ಕೊಟ್ಟಿಗೆ ಮುಂದೆ ನಿಂತವನನ್ನು ಅರಮನೆ ಮೆಟ್ಟಿಲ ಮೇಲೆ ನಿಲ್ಲಿಸುವುದು, ನೋಡಿದವರಿಗೆ ಅವನು ಅಲ್ಲಿಯೇ ನಿಂತಿದ್ದ ಅನ್ನಿಸುವುದು. ಈ ಕೆಲಸದಲ್ಲಿ ನನಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ಹೆಸರಿತ್ತು. ಹೆಸರು ತಂದುಕೊಟ್ಟ ಫೋಟೋಗಳು ಈಗ ಒಂದೂ ನೆನಪಿಲ್ಲ. ನೆನಪಿರುವುದು ಒಂದೇ, ಅದರ ವಿಷಯ ಇಲ್ಲಿಯವರೆಗೆ ಯಾರ ಮುಂದೆಯೂ ಪೂರ್ತಿ ಹೇಳಿಲ್ಲ.

ನಮ್ಮದು ಬನವಾಸಿ. ಅಪ್ಪನದು ಅಲ್ಲಿ ಸಣ್ಣ ಕಿರಾಣಿ ಅಂಗಡಿ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಅವ್ವ ತೀರಿಕೊಂಡಾಗ ನಾನು ಇನ್ನೂ ಚಿಕ್ಕವನು, ಅಕ್ಕ ಚನ್ನವ್ವ ನನಗಿಂತ ಎಂಟು ವರ್ಷ ದೊಡ್ಡವಳು. ಅವತ್ತಿನಿಂದ ಮನೆ ನಡೆಸಿದವಳು, ನನ್ನನ್ನು ಬೆಳೆಸಿದವಳು ಅವಳೇ. ದೀಪಾವಳಿಗೆ ಆಕಾಶಬುಟ್ಟಿ ಕಟ್ಟುವಾಗ ಬಣ್ಣದ ಕಾಗದವನ್ನು ಹೇಗೆ ಕತ್ತರಿಸಬೇಕೆಂದು ಕಲಿಸಿದವಳೂ ಅವಳೇ. ಕತ್ತರಿಯನ್ನು ತಿರುಗಿಸಬೇಡ, ಕಾಗದವನ್ನು ತಿರುಗಿಸು ಎನ್ನುತ್ತಿದ್ದಳು. ಮನೆಯ ಕೆಲಸದಲ್ಲಿ ಅವಳ ಮದುವೆಯ ವಯಸ್ಸು ದಾಟಿಹೋಯಿತು. ಬಂದ ಸಂಬಂಧಗಳು ಮೊದಲು ಕಡಿಮೆಯಾದವು, ಆಮೇಲೆ ನಿಂತೇಹೋದವು.

ಸ್ಟುಡಿಯೋ ನಮ್ಮ ಮಾಮಾನದು. ಅವ್ವನ ದೊಡ್ಡಪ್ಪನ ಮಗ, ಹೆಸರು ಶಿವಲಿಂಗಪ್ಪ. ಅವ್ವನಿಗೆ ಒಡಹುಟ್ಟಿದ ಅಣ್ಣತಮ್ಮಂದಿರಿಲ್ಲದ ಕಾರಣ ಸೋದರಮಾವ ಅಂತ ನಮಗಿದ್ದವನು ಅವನೊಬ್ಬನೇ. ೧೯೫೬ರಲ್ಲಿ, ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ವರ್ಷ, ಅಕ್ಕನೇ ಅವನ ಬೆನ್ನು ಹತ್ತಿ ನನ್ನನ್ನು ಅಲ್ಲಿ ಕೆಲಸಕ್ಕೆ ಸೇರಿಸಿದಳು. ಹೊರಡುವ ದಿನ ಅವ್ವ ತವರಿನಿಂದ ತಂದಿದ್ದ ಹಿತ್ತಾಳೆ ಕೊಡವನ್ನು ಅಕ್ಕ ನನ್ನ ಕೈಗೆ ಕೊಟ್ಟಳು. ಪರಸ್ಥಳದಲ್ಲಿ ಕುಡಿಯುವ ನೀರು ಒಳ್ಳೆಯದಿರಲಿ ಎಂದಳು. ಅದರ ಹೊಟ್ಟೆಯ ಒಂದು ಕಡೆ ತಗ್ಗಿತ್ತು. ಸಣ್ಣವನಿದ್ದಾಗ ಕೆರೆಯ ಮೆಟ್ಟಿಲ ಮೇಲೆ ನಾನೇ ಬೀಳಿಸಿದ್ದು.

ಮಾಮಾ ಒಳ್ಳೆಯ ಗುರು. ಹಿನ್ನೆಲೆ ಬದಲಿಸುವ ಕ್ರಮ ಹೀಗಿತ್ತು. ಗಿರಾಕಿ ತಂದ ಫೋಟೋವನ್ನು ಮೊದಲು ಕಾಪಿ ಮಾಡಬೇಕು. ಮೂಲವನ್ನು ಯಾವತ್ತೂ ಮುಟ್ಟಬಾರದು. ಕಾಪಿಯಿಂದ ಮನುಷ್ಯನನ್ನು ಬ್ಲೇಡಿನ ತುದಿಯಿಂದ ಕತ್ತರಿಸಿ, ಅಂಚಿನ ಬೆನ್ನನ್ನು ಮರಳುಕಾಗದದಿಂದ ಉಜ್ಜಿ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಮಾಡಬೇಕು. ಬೇರೆ ಹಿನ್ನೆಲೆಯ ಪ್ರಿಂಟ್ ಮೇಲೆ ಮೈದಾ ಅಂಟಿನಿಂದ ಕೂರಿಸಬೇಕು. ಕುಂಚದಿಂದ ನೆರಳು ಬಿಡಿಸಿ, ಒಟ್ಟನ್ನು ಮತ್ತೆ ಫೋಟೋ ತೆಗೆದರೆ ಹೊಸ ನೆಗೆಟಿವ್ ಸಿಗುತ್ತದೆ, ಅದರಲ್ಲಿ ಜೋಡಣೆ ಕಾಣುವುದಿಲ್ಲ. ಇಷ್ಟನ್ನು ಯಾರಾದರೂ ಕಲಿಯಬಹುದು. ಕಷ್ಟವಿರುವುದು ನೆರಳಿನಲ್ಲಿ. ಮನುಷ್ಯನ ಮೇಲೆ ಬೆಳಕು ಬಲಗಡೆಯಿಂದ ಬಿದ್ದಿದ್ದರೆ ಹಿಂದಿನ ಕಂಬಕ್ಕೂ ಬಲಗಡೆಯಿಂದಲೇ ಬೀಳಬೇಕು. ಹಿಮ್ಮಡಿಯ ಹತ್ತಿರ ನೆರಳು ದಟ್ಟ, ದೂರ ಹೋದಂತೆ ತೆಳು.

“ನೆರಳು ಪಾದಕ್ಕ ಅಂಟಿರಬೇಕು ಈರ್ಯಾ,” ಎನ್ನುತ್ತಿದ್ದ ಮಾಮಾ. “ಇಲ್ಲಂದ್ರ ಮನಷ್ಯಾ ಗಾಳಿಯಾಗ ತೇಲ್ತಾನ.”

ಗಿರಾಕಿಗಳು ಏನೇನೋ ಕೇಳುತ್ತಿದ್ದರು. ತ್ಯಾಗಲಿ ಕಡೆಯ ಭಟ್ಟರೊಬ್ಬರು ಬಂದು, “ತಮಾ, ಯನ್ನ ಹಿಂದೆ ಒಂದು ಕಾರು ನಿಲ್ಸಲೆ ಆಗ್ತಾ?” ಎಂದರು. ನಿಲ್ಲಿಸಬಹುದು, ಆದರೆ ಕಾರಿನ ನೆರಳು ಬಿದ್ದರೆ ನಿಮ್ಮ ಮೇಲಿನ ಬಿಸಿಲು ಹೋಗುತ್ತದೆ ಎಂದು ಮಾಮಾ ವಿವರಿಸಿದ. ಅವರು ಶಾಂತವಾಗಿ ಹೇಳಿದರು: “ಕಾರು ಬಂದ ಮೇಲೆ ಬಿಸಲು ಎಂತಕ್ಕೆ?” ಆ ಮಾತನ್ನು ನಾವು ಬಹಳ ದಿನ ಹೇಳಿಕೊಂಡು ನಕ್ಕಿದ್ದೆವು.

೧೯೫೯ರ ಮಳೆಗಾಲ ಮುಗಿಯುತ್ತಿದ್ದಾಗ ಮಾಮಾ ಒಂದು ಫೋಟೋ ತಂದ. ಅಂಗಡಿಗೆ ಬಂದದ್ದಲ್ಲ, ಅವನೇ ಯಲ್ಲಾಪುರಕ್ಕೆ ಹೋಗಿ ತಂದದ್ದು. ದಪ್ಪ ರಟ್ಟಿಗೆ ಅಂಟಿಸಿದ ದೊಡ್ಡ ಪ್ರಿಂಟ್. ಮನೆಯ ಬಾಗಿಲ ಮುಂದೆ, ಬೆಳಗಿನ ಬಿಸಿಲಲ್ಲಿ ಗಂಡ ಹೆಂಡತಿ ನಿಂತಿದ್ದರು. ಗಂಡ ಎತ್ತರದವನು, ಬಿಳಿ ಕೋಟು, ಧೋತರ. ಹೆಂಡತಿ ತಲೆಯ ಮೇಲೆ ಸೆರಗು ಹೊದ್ದು ಅವನ ಎಡಕ್ಕೆ ನಿಂತಿದ್ದಳು. ಮೊಣಕೈವರೆಗೆ ಬಳೆ, ಗದ್ದದ ಮೇಲೆ ಒಂದು ಮಚ್ಚೆ. ಗಂಡನನ್ನು ಮಾತ್ರ ಇಟ್ಟುಕೊಂಡು ಹಿಂದೆ ನಮ್ಮ ಸ್ಟುಡಿಯೋದ ಪರದೆ ಹಾಕಬೇಕಿತ್ತು. ಆ ಪರದೆಯ ಮೇಲೆ ಮೆಟ್ಟಿಲು, ಕಂಬ, ದೂರದಲ್ಲೊಂದು ಕೊಳ ಬರೆದಿದ್ದರು.

ಹೆಂಡತಿಯನ್ನು ಯಾಕೆ ತೆಗೆಯಬೇಕೆಂದು ಕೇಳಿದೆ. ಹೆರಿಗೆಯಲ್ಲಿ ತೀರಿಕೊಂಡಳು, ನೋಡಿದಾಗಲೆಲ್ಲ ಮನೆಯವರು ಅಳುತ್ತಾರೆ, ಅದಕ್ಕೆ ಎಂದ. ಕಾಪಿ ಮಾಡಲು ಕ್ಯಾಮೆರಾ ಹೊಂದಿಸತೊಡಗಿದಾಗ ಬೇಡವೆಂದ. ಮೂಲವನ್ನೇ ಕತ್ತರಿಸು, ಅವರಿಗೆ ಅದು ಬೇಡವಾಗಿದೆ ಎಂದ. ಮೂಲವನ್ನು ಮುಟ್ಟಬಾರದು ಎಂದು ಮೂರು ವರ್ಷ ಹೇಳಿಕೊಟ್ಟವನ ಬಾಯಲ್ಲಿ ಈ ಮಾತು. ನನಗೆ ವಿಚಿತ್ರವೆನಿಸಿತು. ಆದರೆ ಕೇಳಲಿಲ್ಲ.

ಬಿಸಿಲು ಹೆಂಡತಿ ನಿಂತ ಕಡೆಯಿಂದ ಬಿದ್ದಿತ್ತು. ಪರದೆಯ ಚಿತ್ರದಲ್ಲಿ ಬೆಳಕು ಅದರ ಎದುರು ಕಡೆಯದು. ಇದು ಸುಲಭ: ಪರದೆಯ ನೆಗೆಟಿವ್ ಅನ್ನು ತಿರುವಿಟ್ಟು ಪ್ರಿಂಟ್ ಹಾಕಿದರೆ ಎಡದ್ದು ಬಲಕ್ಕೆ ಬರುತ್ತದೆ. ಪಾದದ ನೆರಳನ್ನೂ ಮೆಟ್ಟಿಲಿಗೆ ತಕ್ಕಂತೆ ಮುರಿದು ಬಿಡಿಸಿದೆ. ತೊಡಕು ಬೇರೆಯಿತ್ತು. ಹೆಂಡತಿಯ ನೆರಳು ಗಂಡನ ಮೇಲೆ ಬಿದ್ದಿತ್ತು. ಬಿಳಿ ಕೋಟಿನ ತೋಳಿನ ಮೇಲೆ, ಎದೆಯ ಅರ್ಧದವರೆಗೆ, ಸೆರಗು ಹೊದ್ದ ತಲೆಯ ದುಂಡು, ಅದರ ಕೆಳಗೆ ಭುಜ. ಆಕೆಯನ್ನು ಕತ್ತರಿಸಿ ತೆಗೆದರೂ ನೆರಳು ಅವನ ಮೈಮೇಲೇ ಉಳಿಯಿತು. ಕೆರೆದು ತೆಗೆಯಲು ನೋಡಿದೆ. ತೋಳಿನ ನಿರಿಗೆಯೆಲ್ಲ ಹೋಗಿ ಸುಣ್ಣ ಬಳಿದಂತಾಗುತ್ತಿತ್ತು. ಅಲ್ಲಿಗೇ ಕೈ ನಿಲ್ಲಿಸಿದೆ.

ನೀರು ಕುಡಿಯಲು ಎದ್ದಾಗ ಉಪಾಯ ಹೊಳೆಯಿತು. ನೆರಳನ್ನು ತೆಗೆಯುವುದು ಯಾಕೆ? ನೆರಳಿಗೆ ಒಂದು ಕಾರಣ ಕೊಟ್ಟರೆ ಸಾಕಲ್ಲ. ಎತ್ತರದ ತಿಪಾಯಿಯ ಮೇಲೆ ಅವ್ವನ ಹಿತ್ತಾಳೆ ಕೊಡ ಇಟ್ಟು, ಅದರಲ್ಲಿ ಒಂದಿಷ್ಟು ಕ್ರೋಟನ್ ಎಲೆ ಸಿಕ್ಕಿಸಿ, ಅಂಗಳದಲ್ಲಿ ಅಂಥದೇ ಬೆಳಗಿನ ಬಿಸಿಲಲ್ಲಿ ಫೋಟೋ ತೆಗೆದೆ. ಅದನ್ನು ಕತ್ತರಿಸಿ ಆಕೆ ನಿಂತಿದ್ದ ಜಾಗದಲ್ಲೇ ಕೂರಿಸಿದೆ. ಕೊಡದ ಹೊಟ್ಟೆಯ ದುಂಡೂ ಆಕೆಯ ತಲೆಯ ದುಂಡೂ ಸರಿಹೋದವು, ತಿಪಾಯಿಯ ಹಲಗೆ ಭುಜಕ್ಕೆ ಹೊಂದಿತು. ಈಗ ನೋಡಿದವರಿಗೆ ಅದು ಹೂದಾನಿಯ ನೆರಳು. ಮಾಮಾ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ. ನನ್ನ ಬೆನ್ನು ಚಪ್ಪರಿಸಿ, ಇನ್ನು ನಿನಗೆ ಕಲಿಸುವುದು ಏನೂ ಉಳಿದಿಲ್ಲ ಎಂದ. ಆ ದಿನದಷ್ಟು ಹೆಮ್ಮೆ ನನಗೆ ಮತ್ತೆ ಯಾವತ್ತೂ ಆಗಿಲ್ಲ.

ಉಳಿದ ಭಾಗವನ್ನು ಸುಟ್ಟುಬಿಡು ಎಂದಿದ್ದ. ಕುಂಕುಮ ಇಟ್ಟುಕೊಂಡ ಹೆಣ್ಣುಮಗಳ ಮುಖವನ್ನು ಬೆಂಕಿಗೆ ಹಾಕಲು ಮನಸ್ಸಾಗಲಿಲ್ಲ. ರಟ್ಟುಗಳ ಅಡಿಯಲ್ಲಿ ಇಟ್ಟುಬಿಟ್ಟೆ.

ದೀಪಾವಳಿಗೆ ಬನವಾಸಿಗೆ ಹೋದೆ. ಅಪ್ಪ ಅಂಗಡಿಯನ್ನು ಬೇಗ ಮುಚ್ಚಿ ಬಂದಿದ್ದ. ಅವನ ಮುಖದಲ್ಲಿ ಅಂಥ ಕಳೆ ನಾನು ನೋಡಿ ವರ್ಷಗಳಾಗಿದ್ದವು. ಅಕ್ಕನಿಗೆ ಸಂಬಂಧ ಬಂದಿದೆ, ಮಾಮಾನೇ ತಂದದ್ದು, ಯಲ್ಲಾಪುರದಲ್ಲಿ ಕಟ್ಟಿಗೆ ಡಿಪೋ ಇದೆ, ಹುಡುಗನಿಗೆ ವಯಸ್ಸು ಸ್ವಲ್ಪ ಆಗಿದೆ, ಆದರೆ ಮೊದಲನೆಯ ಮದುವೆ ಎಂದ. ಆಮೇಲೆ ಪೆಟ್ಟಿಗೆಯಿಂದ ಫೋಟೋ ತೆಗೆದು ನನ್ನ ಕೈಗಿಟ್ಟ.

ನನ್ನದೇ ಕೆಲಸ. ಮೆಟ್ಟಿಲು, ಕಂಬ, ಕೊಳ, ಕೊಡ.

ಆಗ ನಾನು ಮಾಡಿದ್ದನ್ನು ಇದ್ದ ಹಾಗೇ ಬರೆಯಬೇಕು. ಬಂದಿದ್ದ ನೆಂಟರು ಒಬ್ಬರಾದ ಮೇಲೆ ಒಬ್ಬರು ಆ ಫೋಟೋ ತೆಗೆದುಕೊಂಡು ನೋಡಿದರು. ಎಂಥಾ ಮನೆ, ಎಂಥಾ ನಿಲುವು ಎಂದರು. ನಾನು ಅವರ ಕಣ್ಣನ್ನೇ ನೋಡುತ್ತಿದ್ದೆ. ತೋಳಿನ ಅಂಚಿನಲ್ಲಿ ಯಾರ ನೋಟವಾದರೂ ನಿಲ್ಲುತ್ತದೆಯೇ, ಜೋಡಣೆ ಯಾರಿಗಾದರೂ ಕಾಣುತ್ತದೆಯೇ ಎಂದು. ಯಾರಿಗೂ ಕಾಣಲಿಲ್ಲ. ನನಗೆ ಸಂತೋಷವಾಯಿತು. ನನ್ನ ಅಕ್ಕನ ಬದುಕು ಆ ಕೋಣೆಯಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದಾಗ ನಾನು ನನ್ನ ಬ್ಲೇಡಿನ ಕೆಲಸವನ್ನು ಪರೀಕ್ಷೆ ಮಾಡುತ್ತಿದ್ದೆ.

ಸಂಜೆ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳು.

“ಈರಣ್ಣಾ, ಇದು ಅವ್ವನ ಕೊಡಾ ಅಲ್ಲೇನೋ? ನೀ ಕೆಡವಿದ ತಗ್ಗು ಇಲ್ಲೇ ಐತಿ ನೋಡು.”

ನಾನು ಹೌದೆಂದೆ.

“ಹಂಗಾರ ಅವ್ರು ಶಿರಸಿಗೆ ಬಂದು ತಗಸ್ಯಾರ. ನೀ ಕಂಡೀದಿ.”

ಗಂಡಿನ ಕಡೆಯಿಂದ ಹಿರಿಯರು ಬಂದು ಹೆಣ್ಣು ನೋಡಿ ಹೋಗಿದ್ದರು. ಗಂಡು ಕಾಡಿನ ಕೆಲಸ ಬಿಟ್ಟು ಬರಲಾಗದೆಂದು ಬಂದಿರಲಿಲ್ಲ. ಅಂಥದು ಆಗ ನಡೆಯುತ್ತಿತ್ತು. ಹುಡುಗಿಗೆ ಫೋಟೋ ಬಂದರೆ ಅದೇ ಹೆಚ್ಚು. ಅಕ್ಕನಿಗೆ ಆ ಕೊಡ ಕಂಡದ್ದು ಅವ್ವನೇ ಬಂದು ನಿಂತ ಹಾಗಾಗಿತ್ತು. ಹೂಂ, ಕಂಡೆ, ಎಂದೆ. ಆ ಮನುಷ್ಯನನ್ನು ನಾನು ಕಾಗದದ ಮೇಲಲ್ಲದೆ ಬೇರೆಲ್ಲೂ ಕಂಡಿರಲಿಲ್ಲ.

“ಹೆಂಗ ಅದಾರ?”

“ಚಲೋ ಅದಾರ. ಮಾತು ಕಡಿಮಿ.”

“ನಗತಾರೇನು?”

“ನಗತಾರ.”

ಅವಳು ಫೋಟೋವನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು. “ಸಾಕ್ ಬಿಡು. ನೀ ಕಂಡಿದ್ರ ನಾ ಕಂಡಂಗ. ಅಪ್ಪಗ ಹೂಂ ಅಂತ ಹೇಳು.”

ಯಾಕೆ ಸುಮ್ಮನಿದ್ದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆ ಹೆಂಗಸು ಸತ್ತಿದ್ದಾಳೆಂದು ನಂಬಿದ್ದೆ. ಹೆಂಡತಿ ಸತ್ತವನು ಮತ್ತೆ ಮದುವೆಯಾಗುವುದು ತಪ್ಪಲ್ಲ. ಅಪ್ಪನ ಮುಖದ ಕಳೆ ಒಂದು ಕಾರಣ. ಹೇಳಿದರೆ ಈ ಸುಳ್ಳನ್ನು ಕತ್ತರಿಸಿ ಅಂಟಿಸಿದವನು ನಾನೇ ಎಂದು ಹೇಳಬೇಕಾಗುತ್ತಿತ್ತು, ಅದು ಇನ್ನೊಂದು. ಯಾವ ಕಾರಣ ಎಷ್ಟು ಎಂದು ಈಗ ತೂಗಲಾರೆ.

ಶಿರಸಿಗೆ ಮರಳಿ ಮಾಮಾನನ್ನು ಕೇಳಿದೆ, ಎರಡನೆಯ ಸಂಬಂಧ ಎಂದು ಅಪ್ಪನಿಗೆ ಯಾಕೆ ಹೇಳಲಿಲ್ಲ, ಅಕ್ಕನಿಗೆ ಹೋಗುವ ಫೋಟೋ ಎಂದು ನನಗೆ ಯಾಕೆ ಹೇಳಲಿಲ್ಲ ಎಂದು. ಅವನು ಸಿಟ್ಟಾಗಲಿಲ್ಲ. ನನ್ನನ್ನು ಕೂರಿಸಿ ಚಹಾ ತರಿಸಿದ.

“ಹೇಳಿದ್ರ ನಿಮ್ಮಪ್ಪ ಒಪ್ತಿದ್ದಿಲ್ಲ. ಒಪ್ಪದಿದ್ರ ಅಕಿ ಒಲಿ ಮುಂದ ಕುಂತು ಮುದುಕಿ ಆಗ್ತಾಳ. ಉಂಡುಟ್ಟು ಇರೂ ಮನಿ ಅದು. ಸತ್ತಾಕಿ ಎದ್ದು ಬರ್ತಾಳೇನು?”

ಅವನು ನಮ್ಮ ಸೋದರಮಾವ. ಅಕ್ಕನ ಒಳ್ಳೆಯದನ್ನೇ ನೋಡುತ್ತಾನೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಿತ್ತು.

ಮುಂದಿನ ಬೇಸಿಗೆಯಲ್ಲಿ ಬನವಾಸಿಯಲ್ಲೇ ಮದುವೆ. ಅಕ್ಕನ ಕೈ ಹಿಡಿದು ಹಸೆಗೆ ಕರೆತಂದವನು ಮಾಮಾ, ಪದ್ಧತಿಯಂತೆ. ಗಂಡು ಬಂದಿಳಿದಾಗ ಅಕ್ಕ ಗುಂಪಿನ ನಡುವೆ ನನ್ನನ್ನು ಹುಡುಕಿ ಒಂದು ಸಲ ನೋಡಿದಳು. ಅವಳಿಗೆ ಅವನು ಹೊಸಬ, ನನಗೆ ಪರಿಚಯದವನು ಎಂಬಂತೆ. ನಾನು ತಲೆ ಆಡಿಸಿದೆ. ಅವನು ಎರಡು ದಿನದಲ್ಲಿ ಒಂದು ಸಲವೂ ನಗಲಿಲ್ಲ.

ಮದುವೆಯ ಫೋಟೋ ತೆಗೆದವನು ನಾನೇ. ಸಂಜೆಯ ಬಿಸಿಲು. ಗಂಡು, ಅವನ ಎಡಕ್ಕೆ ಅಕ್ಕ, ಅಕ್ಕನ ಇನ್ನೊಂದು ಪಕ್ಕದಲ್ಲಿ ಅಪ್ಪ. ಆಗಿನ ದೊಡ್ಡ ಕ್ಯಾಮೆರಾದಲ್ಲಿ ಕರಿ ಬಟ್ಟೆಯೊಳಗೆ ತಲೆ ಹಾಕಿ ನೋಡಿದರೆ ಗಾಜಿನ ಮೇಲೆ ಎಲ್ಲರೂ ತಲೆಕೆಳಗಾಗಿ ಕಾಣುತ್ತಾರೆ. ಗಂಡಿನ ನೆರಳು ಅಕ್ಕನ ಹೆಗಲು, ಸೆರಗಿನ ಮೇಲೆ ದಟ್ಟವಾಗಿ ಬಿದ್ದಿತ್ತು. ಬೇರೆ ಯಾರ ಮದುವೆಯಾದರೂ ಒಂದು ಹೆಜ್ಜೆ ಸರಿಯಿರಿ ಎನ್ನುತ್ತಿದ್ದೆ. ಅವತ್ತು ಎನ್ನಲಿಲ್ಲ. ಹಾಗೇ ತೆಗೆದೆ.

ಅದೇ ವರ್ಷ ಮಳೆ ಮುಗಿದ ಮೇಲೆ ಒಂದು ಮಧ್ಯಾಹ್ನ ಮಾಮಾ ಕಾಗದ, ಫೋಟೋ ತೊಳೆಯುವ ಔಷಧ ತರಲು ಹುಬ್ಬಳ್ಳಿಗೆ ಹೋಗಿದ್ದ. ಯಲ್ಲಾಪುರದಿಂದ ಕಟ್ಟಿಗೆ ತರುವ ಲಾರಿಯ ಬಾಷಾ ಸಾಹೇಬರು ಅಂಗಡಿ ಮುಂದೆ ಲಾರಿ ನಿಲ್ಲಿಸಿ, “ಈರಣ್ಣ ಭಾಯ್, ಈ ಅವ್ವಾರು ಫೋಟೋ ಅಂಗಡಿ ಕೇಳಾಕತ್ತಿದ್ರು,” ಎಂದು ಒಬ್ಬ ಹೆಂಗಸನ್ನು ಇಳಿಸಿ ಹೋದರು. ಆಕೆ ತಲೆಯ ಸೆರಗು ಸರಿಮಾಡಿಕೊಂಡು ಬೆಳಕಿಗೆ ಮುಖ ಎತ್ತಿದಳು. ಗದ್ದದ ಮೇಲೆ ಮಚ್ಚೆ.

ಆ ಮುಖದ ಅಂಚು ನನ್ನ ಕೈಗೆ ಗೊತ್ತಿತ್ತು. ಒಂದು ವರ್ಷದಿಂದ ಸತ್ತವಳೆಂದು ತಿಳಿದಿದ್ದ ಮುಖ.

ಆಕೆಯೇ ಹೇಳಿಕೊಂಡಳು. ಹೆಸರು ಗಿರಿಜವ್ವ. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ತವರಿಗೆ ಕಳಿಸಿದ್ದರು, ಕರೆಸಿಕೊಳ್ಳುತ್ತೇವೆ ಎಂದಿದ್ದರು. ಕರೆಸಲಿಲ್ಲ. ಈಗ ಇನ್ನೊಬ್ಬಳು ಬಂದಿದ್ದಾಳೆ. ಇಬ್ಬರು ಹೆಂಡತಿಯರನ್ನು ಕಾನೂನು ಒಪ್ಪುವುದಿಲ್ಲವಂತೆ, ವಕೀಲರು ಗಂಡ ಹೆಂಡತಿ ಕೂಡಿ ತೆಗೆಸಿದ ಫೋಟೋ ಇದ್ದರೆ ತಾ ಎಂದಿದ್ದಾರೆ. ಇದ್ದದ್ದು ಒಂದೇ, ಅದನ್ನು ಶಿರಸಿಗೆ ಕಳಿಸಿದರೆಂದು ಆ ಮನೆಯ ಆಳು ಹೇಳಿದ.

ಇಲ್ಲ ಎಂದುಬಿಡಬಹುದಿತ್ತು. ಇಲ್ಲವೆಂದರೆ ಅಕ್ಕನ ಸಂಸಾರ ಉಳಿಯುತ್ತದೆ ಎಂಬ ಯೋಚನೆ ಬಂತು, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಕಾಲು ತಾನಾಗಿ ಒಳಗೆ ಹೋಯಿತು. ರಟ್ಟಿನ ಅಡಿಯಿಂದ ತಂದು ಮುಂದಿಟ್ಟೆ. ಬಾಗಿಲು, ಬಿಸಿಲು, ಆಕೆ. ಆಕೆಯ ಪಕ್ಕದಲ್ಲಿ ಗಂಡಿನ ಆಕಾರದ ತೂತು.

ಆಕೆ ಆ ತೂತಿನಲ್ಲಿ ಬೆರಳಿಟ್ಟು ಅಂಚಿನ ಉದ್ದಕ್ಕೂ ಆಡಿಸಿದಳು.

“ಯಾರು ಕತ್ತರಿಸಿದ್ದು?”

“ನಾನ.”

“ಚಂದ ಕತ್ತರಿಸೀರಿ. ನನ್ನ ಒಂದು ಬಳಿನೂ ಕೊಯ್ದಿಲ್ಲ.”

ಎತ್ತಿ ಸೆರಗಿನೊಳಗಿಟ್ಟುಕೊಂಡು ಎದ್ದಳು. ಬಾಗಿಲಲ್ಲಿ ನಿಂತು ಕೇಳಿದಳು: “ಆ ಹೊಸಾಕಿಗೆ ನಾ ಇರೂದು ಗೊತ್ತಿತ್ತೇನ್ರೀ?”

“ಗೊತ್ತಿದ್ದಿಲ್ಲ,” ಎಂದೆ. ಆಕೆ ನನ್ನ ಅಕ್ಕ ಎನ್ನಲಿಲ್ಲ.

ಮಾಮಾ ಹುಬ್ಬಳ್ಳಿಯಿಂದ ಬಂದಾಗ ನಾನು ಅಂಗಡಿಯ ಬಾಗಿಲಲ್ಲೇ ಕೂತಿದ್ದೆ. ಆಕೆ ಬಂದಿದ್ದಳು ಎಂದೆ. ಯಾರೆಂದು ಅವನು ಕೇಳಲಿಲ್ಲ. ಅದರಿಂದಲೇ ಎಲ್ಲ ತಿಳಿಯಿತು. ಸತ್ತಳೆಂದು ಯಾಕೆ ಹೇಳಿದೆ ಎಂದು ಕೇಳಿದೆ. ಕಾಗದದ ಪೆಟ್ಟಿಗೆಗಳನ್ನು ಒಂದೊಂದಾಗಿ ಕಪಾಟಿನಲ್ಲಿಡುತ್ತಾ ಹೇಳಿದ:

“ಬದುಕ್ಯಾಳ ಅಂದಿದ್ರ ನಿನ್ನ ಕೈ ನಡುಗ್ತಿತ್ತು. ನಡುಗೂ ಕೈಯಾಗ ಅಂಚು ಸರಿ ಬರೂದಿಲ್ಲ.”

ಕೆಲಸ ಕಲಿಸಿದ ದನಿಯಲ್ಲೇ ಹೇಳಿದ. ಆಕೆ ತಿರುಗಿ ಬರಲಾರಳು, ತವರಿನವರು ಬಡವರು, ಚನ್ನಿಗೆ ಇದಕ್ಕಿಂತ ಒಳ್ಳೆಯ ಮನೆ ಸಿಗುತ್ತಿರಲಿಲ್ಲ ಎಂದು ಇನ್ನೂ ಏನೇನೋ ಹೇಳಿದ. ಅವನು ಅದನ್ನೆಲ್ಲ ನಂಬಿದ್ದ ಎಂದೇ ನನಗನ್ನಿಸುತ್ತದೆ. ನನಗೆ ಕೇಳಿಸಿದ್ದು ಆ ಒಂದು ಮಾತು. ಅಕ್ಕನಿಗೆ ಮೋಸ ಮಾಡಲು ಅವನು ಬೇರೆ ಊರಿನ ಕೆಲಸಗಾರನನ್ನು ಹುಡುಕಬಹುದಿತ್ತು. ಅವಳ ತಮ್ಮನ ಕೈಯನ್ನೇ ಆರಿಸಿಕೊಂಡಿದ್ದ, ಯಾಕೆಂದರೆ ಅದು ಒಳ್ಳೆಯ ಕೈ, ತಾನೇ ತಿದ್ದಿದ ಕೈ. ಆ ಕೈಗೆ ಕತ್ತರಿ ಹಿಡಿಸಿದವಳು ಅಕ್ಕ.

ಅಷ್ಟಾದರೂ ಮರುದಿನವೇ ನಾನು ಯಲ್ಲಾಪುರದ ಬಸ್ಸು ಹತ್ತಲಿಲ್ಲ. ಇವತ್ತು, ನಾಳೆ ಎಂದು ಒಂದು ವಾರ ಕಳೆದೆ. ಹೇಗೆ ಹೇಳಲಿ ಎಂದು ಮಾತು ಹೊಂದಿಸುತ್ತಿದ್ದೆ.

ಹೋದಾಗ ಅಕ್ಕ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಅವಳ ಟ್ರಂಕು. ಗಿರಿಜವ್ವ ಹಿಂದಿನ ದಿನ ನೇರ ಆ ಮನೆಗೇ ಬಂದಿದ್ದಳು. ಗಂಡ ಕಾಡಿನಲ್ಲಿದ್ದ. ಆಕೆ ಏನೂ ಕೂಗಾಡದೆ ತನ್ನ ಅರ್ಧ ಫೋಟೋವನ್ನು ಅಕ್ಕನ ಕೈಗೆ ಕೊಟ್ಟಿದ್ದಳು. ಅಕ್ಕ ಗೋಡೆಯಿಂದ ಗಂಡನ ಫೋಟೋ ಇಳಿಸಿ, ಚೌಕಟ್ಟು ಬಿಚ್ಚಿ, ಎರಡನ್ನೂ ನೆಲದ ಮೇಲೆ ಒಂದರ ಪಕ್ಕ ಒಂದಿಟ್ಟು ನೋಡಿದ್ದಳು. ಅದೇ ಅಳತೆ, ತೂತಿನ ಅಂಚಿಗೆ ಅದೇ ತೋಳು, ಕೋಟಿನ ಮೇಲೆ ಆಕೆಯದೇ ತಲೆಯ ನೆರಳು. ನೋಡಿ ಮುಗಿದ ಮೇಲೆ ಆಕೆಗೆ ಊಟ ಬಡಿಸಿ, ಡಬ್ಬಿಗಳಲ್ಲಿ ಏನೇನಿದೆ ಎಂದು ತೋರಿಸಿ, ತನ್ನ ಟ್ರಂಕು ತುಂಬಿದ್ದಳು. ಒಳಗೆ ಪಾತ್ರೆಗಳ ಸದ್ದು ಕೇಳುತ್ತಿತ್ತು. ಗಿರಿಜವ್ವ ಅಡುಗೆ ಮಾಡುತ್ತಿದ್ದಳು.

“ಬರ್ತೀ ಅಂತ ಗೊತ್ತಿತ್ತು,” ಎಂದಳು ಅಕ್ಕ. “ತಡಾ ಮಾಡಿದಿ.”

ನಾನು ಮಾಮಾನ ಹೆಸರು ತೆಗೆದೆ. ಅವನು ನನಗೂ ಸುಳ್ಳು ಹೇಳಿದ, ಸತ್ತಳೆಂದ, ನಿನಗೆ ಹೋಗುವ ಫೋಟೋ ಎಂದು ಹೇಳಲೇ ಇಲ್ಲ ಎಂದೆ. ಹೇಳಿದ್ದೆಲ್ಲ ನಿಜ.  ನನ್ನ ಮಾತು ಮುಗಿದ ಮೇಲೆ ಅವಳು ಹೇಳಿದಳು:

“ಮಾಮಾ ಸುಳ್ಳ ಅಂತ ನನಗ ಮೊದಲಿಂದ ಗೊತ್ತು. ಅಪ್ಪಗ ತಿಳೀಲಿಲ್ಲ. ಅದಕ್ಕ ನಾ ಅವರಿಬ್ಬರನ್ನೂ ಕೇಳಲಿಲ್ಲ. ಕೇಳಿದ್ದು ನಿನ್ನೊಬ್ಬನ್ನ. ನಗತಾರೇನು ಅಂತ ಕೇಳಿದೆ.”

ಟ್ರಂಕನ್ನು ನಾನು ಎತ್ತಿಕೊಳ್ಳಲು ಹೋದೆ. ಬಿಡಲಿಲ್ಲ. ತಾನೇ ಹೊತ್ತುಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು.

ಬನವಾಸಿಗೆ ಮರಳಿ ಅಪ್ಪನ ಅಂಗಡಿಯಲ್ಲಿ ಕೂತಳು. ಊರಿನವರು ಆಡಿಕೊಂಡದ್ದನ್ನೆಲ್ಲ ಗಲ್ಲಾಪೆಟ್ಟಿಗೆಯ ಹಿಂದೆ ಕೂತೇ ಕೇಳಿಸಿಕೊಂಡಳು. ಗಂಡಿನ ಮನೆಯಿಂದ ಒಂದೆರಡು ಸಲ ಜನ ಬಂದರು. ಆ ಮನೆಗೆ ಮನೆಯಾಕಿ ಇದ್ದಾಳೆ ಎಂದು ಹೇಳಿ ಕಳಿಸಿದಳು. ನಾನು ಸ್ಟುಡಿಯೋ ಬಿಟ್ಟೆ. ಮಾಮಾ ತಡೆಯಲಿಲ್ಲ. ನಾನೂ ಅವನ ಮುಖ ಮತ್ತೆ ನೋಡಲಿಲ್ಲ. ಸಿದ್ದಾಪುರದಲ್ಲಿ ಒಂದು ಕೋಣೆ ಹಿಡಿದು, ಅವ್ವನ ಕೊಡವನ್ನು ಮೂಲೆಯಲ್ಲಿಟ್ಟು, ನನ್ನದೇ ಸಣ್ಣ ಅಂಗಡಿ ಹಾಕಿದೆ. ಊರಿಗೆ ಹೋದರೆ ಅಕ್ಕ ಊಟಕ್ಕೆ ಬಡಿಸುತ್ತಿದ್ದಳು. ಬಡಿಸಿ ಅಂಗಡಿಗೆ ಹೋಗಿಬಿಡುತ್ತಿದ್ದಳು. ನನ್ನ ಕ್ಯಾಮೆರಾದ ಮುಂದೆ ಮಾತ್ರ ನಿಲ್ಲಲಿಲ್ಲ.

೧೯೬೫ರಲ್ಲಿ ಅಪ್ಪ ತೀರಿಕೊಂಡ. ಕೆಲವು ವಾರಗಳ ನಂತರ ಅಕ್ಕ ಸಿದ್ದಾಪುರಕ್ಕೆ ಬಂದಳು. ನನ್ನ ಅಂಗಡಿಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಗಿರಾಕಿಯಂತೆ ಬೆಂಚಿನ ಮೇಲೆ ಕೂತು ಚೀಲದಿಂದ ಮದುವೆಯ ಫೋಟೋ ತೆಗೆದಳು. ಅಪ್ಪನ ಫೋಟೋ ಎಂದು ನಮ್ಮಲ್ಲಿ ಇದ್ದದ್ದು ಅದೊಂದೇ. ಅದನ್ನು ಅಂಗಡಿಯಲ್ಲಿ ಹಾಕಬೇಕು, ಅಪ್ಪ ಮತ್ತು ತಾನು ಇದ್ದರೆ ಸಾಕು, ಇನ್ನೊಬ್ಬರನ್ನು ತೆಗೆ ಎಂದಳು.

ಫೋಟೋವನ್ನು ಬೆಳಕಿಗೆ ಹಿಡಿದೆ. ಚಪ್ಪರದ ಹಿನ್ನೆಲೆಯನ್ನು ಪೂರ್ತಿ ಬದಲಿಸಬೇಕಿತ್ತು, ಅದು ಕಷ್ಟವಲ್ಲ. ಆದರೆ ನಾನು ಅವತ್ತು ಸರಿಯಿರಿ ಎನ್ನದೆ ಬಿಟ್ಟ ನೆರಳು ಅವಳ ಹೆಗಲ ಮೇಲೆ ಹಾಗೇ ಇತ್ತು. ಟೊಪ್ಪಿಗೆ ಹಾಕಿದ ತಲೆ, ಭುಜ. ಯಾರ ಕಣ್ಣಿಗಾದರೂ ಗಂಡಸಿನ ನೆರಳೆಂದು ತಿಳಿಯುವಂಥದು. ಬಾಯಿ ಅಭ್ಯಾಸದಂತೆ ಆಡಿತು. ಅಲ್ಲಿ ಒಂದು ಕಂಬ ನಿಲ್ಲಿಸಿದರೆ ಆ ನೆರಳು ಕಂಬದ್ದಾಗುತ್ತದೆ ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅಕ್ಕ ಮೂಲೆಯ ಕೊಡವನ್ನು ನೋಡುತ್ತಿದ್ದಳು.

“ಏನೂ ಇಡಬ್ಯಾಡ,” ಎಂದಳು. “ಅಲ್ಲೊಬ್ರು ನಿಂತಿದ್ರು. ನೆರಳು ಬಿದ್ದೈತಿ. ಇರ್ಲಿ.”

ಹಾಗೇ ಮಾಡಿದೆ. ಮೂಲವನ್ನು ಮುಟ್ಟದೆ ಕಾಪಿ ತೆಗೆದು ಕೆಲಸ ಮಾಡಿದೆ. ಹಿಂದೆ ಮೆಟ್ಟಿಲು ಕೊಳ ಹಾಕಲಿಲ್ಲ, ಬರೀ ಬೂದುಬಣ್ಣದ ಗೋಡೆ. ಅಪ್ಪ ಮತ್ತು ಅಕ್ಕ ನಿಂತಿದ್ದಾರೆ. ಅಕ್ಕನ ಹೆಗಲ ಮೇಲೆ ಯಾರದೋ ನೆರಳಿದೆ, ಆ ನೆರಳಿನ ಕಡೆ ಯಾರೂ ಇಲ್ಲ. ರೀಟಚಿಂಗ್ ಕೆಲಸದ ಲೆಕ್ಕದಲ್ಲಿ ಅದು ಕೆಟ್ಟ ಫೋಟೋ. ಅಂಗಡಿಗೆ ಬಂದ ಹೊಸಬರು ಇದು ಯಾರ ನೆರಳು ಎಂದು ಕೇಳುತ್ತಾರೆ, ಅಕ್ಕ ಬೆಲ್ಲ ತೂಗುತ್ತಲೇ ಹೇಳುತ್ತಾಳೆ. ಮುಚ್ಚಿಡುವುದಿಲ್ಲ.

ಹಿನ್ನೆಲೆ ಬದಲಿಸುವ ಕೆಲಸವನ್ನು ನಾನು ಬಿಡಲಿಲ್ಲ, ಹೊಟ್ಟೆಪಾಡು ಅದು. ಆದರೆ ಅಂದಿನಿಂದ ಈ ಫೋಟೋ ಯಾರ ಕೈಗೆ ಹೋಗುತ್ತದೆ ಎಂದು ಕೇಳದೆ ಬ್ಲೇಡು ಎತ್ತಲಿಲ್ಲ. ಕೇಳಿದ್ದಕ್ಕೆ ಸಿಟ್ಟಾಗಿ ಹೋದ ಗಿರಾಕಿಗಳು ಹೋದರು. ಮನುಷ್ಯನ ನೆರಳಿಗೆ ಮನುಷ್ಯನೇ ಕಾರಣ, ಅದಕ್ಕೆ ಬೇರೆ ಕಾರಣ ಒದಗಿಸುವುದು ನನ್ನ ಕೆಲಸವಲ್ಲ. ವೃತ್ತಿಯಲ್ಲಿ ಕೊನೆಗೆ ಕಲಿತದ್ದು ಅಷ್ಟು. ಕಲಿಸಿದವನು ಮಾಮಾ ಅಲ್ಲ.

ಅವತ್ತು ಹೊರಡುವಾಗ ಅಕ್ಕ ಅವ್ವನ ಕೊಡವನ್ನು ಎತ್ತಿಕೊಂಡಳು. ಅದರಲ್ಲಿದ್ದ ನೀರನ್ನು ಬಾಗಿಲ ಮುಂದಿನ ತುಳಸಿಗೆ ಸುರಿದು, ತಗ್ಗಿದ್ದ ಕಡೆ ಸೆರಗಿನಿಂದ ಒರೆಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದಳು.